ಮತ್ತೆ ಮತ್ತೆ ಬರೋ ಕೆಲಸಗಳನ್ನ ಆರ್ಗ್ ಮೋಡ್‌ಗೆ ತಂದಿದ್ದು, ಮತ್ತೆ ಅದರಲ್ಲಿ ನಾನು ಪಟ್ಟ ಪಾಡು

ಅಂತೂ ಇಂತೂ ಮುಗೀತು. ಆರ್ಗ್ ಮೋಡ್ ಅಂದ್ರೆ ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್ ಒಳಗೆ ನೋಟ್ಸು, ಕೆಲಸಗಳನ್ನ ಬರೆದಿಟ್ಕೊಳ್ಳೋ ವ್ಯವಸ್ಥೆ. ದಿನಾ ಮಾಡೋದು, ವಾರಕ್ಕೊಂದ್ಸಲ ಮಾಡೋದು, ತಿಂಗಳಿಗೊಂದ್ಸಲ ಮಾಡೋದು ಅಂತ ನನ್ನ ಹತ್ರ ಇದ್ದ ಕೆಲಸ ಎಲ್ಲಾ ಈಗ ಒಂದೇ ಟೆಕ್ಸ್ಟ್ ಫೈಲಲ್ಲಿ ಬಂದು ಕೂತಿದೆ, ಯಾವುದನ್ನ ಯಾವತ್ತು ಮಾಡಿದೆ, ಎಲ್ಲಿ ತಪ್ಪಿಸಿದೆ ಅನ್ನೋದು ಒಂದು ನೋಟಕ್ಕೆ ಕಾಣುತ್ತೆ. ಆದ್ರೆ ಇಲ್ಲಿಗೆ ಬರೋಷ್ಟರಲ್ಲಿ ಸಾಕೋಸಾಕಾಗಿ ಹೋಯ್ತು. ಯಾವುದೂ ಕಷ್ಟ ಅಂತಲ್ಲ, ಒಂದೊಂದೂ ಚಿಕ್ಕ ಚಿಕ್ಕ ವಿಷಯಾನೇ, ಆದ್ರೆ ಒಂದೂ ಮುಂಚೆ ಗೊತ್ತಿರಲ್ಲ, ತಪ್ಪಾದಾಗ ಸಾಫ್ಟ್‌ವೇರ್ ಬಾಯೂ ಬಿಡಲ್ಲ. ಅದಕ್ಕೇ ಆಗಿದ್ದು ಆಗಿದ್ದ ಹಾಗೇ ಬರೆದಿಡ್ತಿದೀನಿ, ಇದೇ ದಾರಿ ಹಿಡಿಯೋರಿಗೆ ಒಂದಷ್ಟು ರಾತ್ರಿ ಉಳಿಯಲಿ.

ಮೊದಲೇ ಒಂದು ಮಾತು. ಕೀಗಳ ಹೆಸರು, ಸೆಟ್ಟಿಂಗ್ ಹೆಸರು ಎಲ್ಲಾ ನಾನು ಕನ್ನಡದಲ್ಲೇ ಬರೆದಿದೀನಿ. ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರಾನೇ ಹಾಕಬೇಕು. 1ಡಿ ಅಂದ್ರೆ ಒಂದು ದಿನ, 1ಡಬ್ಲ್ಯೂ ಅಂದ್ರೆ ಒಂದು ವಾರ, 1ಎಂ ತಿಂಗಳು, 1ವೈ ವರ್ಷ.

ಇದಕ್ಕೆ ಮುಂಚೆ ನಾನು ಫೋನಲ್ಲಿ ಒಂದು ಹ್ಯಾಬಿಟ್ ಆ್ಯಪ್ ಇಟ್ಕೊಂಡಿದ್ದೆ, ಹೆಸರು ಬೇಡ. ಚೆನ್ನಾಗೇ ಇತ್ತು, ಆಮೇಲೆ ಒಂದು ದಿನ ಹಳೇ ಹಿಸ್ಟರಿ ನೋಡ್ಬೇಕು ಅಂದ್ರೆ ದುಡ್ಡು ಕಟ್ಟಿ ಅಂತು. ನಾನು ಮಾಡಿದ ಕೆಲಸದ ಲೆಕ್ಕ ನಾನೇ ನೋಡೋಕೆ ದುಡ್ಡಾ ಅಂತ ಸಿಟ್ಟು ಬಂತು. ಪುಣ್ಯಕ್ಕೆ ಎಕ್ಸ್‌ಪೋರ್ಟ್ ಮಾಡೋ ಬಟನ್ ಇತ್ತು, ಒಂದು ಸಿಎಸ್‌ವಿ ಫೈಲ್ ಕೊಡ್ತು, ಅದನ್ನ ಜೋಪಾನವಾಗಿ ಎತ್ತಿಟ್ಕೊಂಡೆ, ಮುಂದೆ ಕೆಲಸಕ್ಕೆ ಬಂತು ಕೂಡ. ಅಷ್ಟೊತ್ತಿಗೆ ಈಮ್ಯಾಕ್ಸ್ ನಂಗೆ ಹೊಸದೇನಾಗಿರಲಿಲ್ಲ, ನೋಟ್ಸ್ ಬರೆಯೋಕೆ ಆರ್ಗ್ ಮೋಡ್ ಬಳಸ್ತಿದ್ದೆ. ಇದನ್ನ 2003ರಲ್ಲಿ ಶುರು ಮಾಡಿದ್ದು ಕಾರ್ಸ್ಟನ್ ಡೊಮಿನಿಕ್ ಅನ್ನೋ ಖಗೋಳ ವಿಜ್ಞಾನಿ, ತನ್ನ ನೋಟ್ಸು ಮತ್ತೆ ಪ್ರಾಜೆಕ್ಟುಗಳನ್ನ ಒಂದು ಹದಕ್ಕೆ ತರೋಕೆ. ಈಮ್ಯಾಕ್ಸ್ 22ನೇ ವರ್ಷನ್‌ನಿಂದ ಅದರ ಜೊತೆಗೇ ಬರುತ್ತೆ, ಹಾಗಾಗಿ ಬೇರೆ ಇನ್‌ಸ್ಟಾಲ್ ಮಾಡೋದೂ ಇಲ್ಲ, ದುಡ್ಡೂ ಇಲ್ಲ. ಖರ್ಚಾಗೋದು ನಿಮ್ಮ ಸಮಯ ಮಾತ್ರ, ಅದನ್ನ ಕಡಿಮೆ ಅಂತ ಯಾರೂ ಅಂದ್ಕೋಬೇಡಿ.

ಶುರು ಮಾಡಿದ್ದು ಸುಲಭದ್ದರಿಂದ. ವಾರಕ್ಕೊಂದ್ಸಲ ಲ್ಯಾಪ್‌ಟಾಪ್ ಬ್ಯಾಕಪ್ ತಗೋಬೇಕು. ಒಂದು ಹೆಡ್ಡಿಂಗ್ ಬರೆದು, ಟೂಡೂ (ಇನ್ನೂ ಮಾಡ್ಬೇಕು) ಅಂತ ಹಾಕಿ, ಕಂಟ್ರೋಲ್-ಸಿ ಕಂಟ್ರೋಲ್-ಎಸ್ ಒತ್ತಿ ತಾರೀಕು ಕೊಟ್ಟೆ, ಆ ತಾರೀಕಿನ ಕೋನ ಬ್ರಾಕೆಟ್ ಒಳಗೇ ಕೊನೇಲಿ +1ಡಬ್ಲ್ಯೂ ಅಂತ ಸೇರಿಸಿದೆ, ಇದಕ್ಕೇ ರಿಪೀಟರ್ ಅನ್ನೋದು. ಬ್ಯಾಕಪ್ ಆಯ್ತು, ಕಂಟ್ರೋಲ್-ಸಿ ಕಂಟ್ರೋಲ್-ಟಿ ಒತ್ತಿ ಡನ್ (ಮುಗೀತು) ಮಾಡಿದೆ. ಡನ್ ಅಂತ ಆಗಲೇ ಇಲ್ಲ! ಕಣ್ಣು ಮಿಟುಕಿಸೋಷ್ಟರಲ್ಲಿ ವಾಪಸ್ ಟೂಡೂ, ತಾರೀಕು ಮಾತ್ರ ಒಂದು ವಾರ ಮುಂದಕ್ಕೆ. ಕೀ ಸರಿಯಾಗಿ ಬಿದ್ದಿಲ್ವೇನೋ ಅಂತ ಇನ್ನೊಂದ್ಸಲ ಒತ್ತಿದ್ರೆ ಇನ್ನೂ ಒಂದು ವಾರ ಮುಂದೆ ಹೋಯ್ತು. ಆಮೇಲೆ ನೋಡಿದ್ರೆ ಹೆಡ್ಡಿಂಗ್ ಕೆಳಗೆ ಎರಡು ಸಾಲು ಬಂದು ಕೂತಿದೆ, ಟೂಡೂಯಿಂದ ಡನ್ ಆಯ್ತು ಅಂತ, ಪಕ್ಕದಲ್ಲಿ ಚೌಕ ಬ್ರಾಕೆಟ್ ಒಳಗೆ ತಾರೀಕು, ವಾರ, ಗಂಟೆ, ನಿಮಿಷ.

ಇಲ್ಲೇ ಇರೋದು ಇಡೀ ವಿಷಯ, ಇದೊಂದು ತಲೆಗೆ ಹತ್ತಿದ್ರೆ ಉಳಿದಿದ್ದು ಸುಲಭ. ಆರ್ಗ್‌ನಲ್ಲಿ ಮತ್ತೆ ಮತ್ತೆ ಬರೋ ಕೆಲಸ ಅಂದ್ರೆ ಒಂದೇ ಹೆಡ್ಡಿಂಗ್, ಅದು ಯಾವತ್ತೂ ಮುಗಿಯಲ್ಲ. ಮಾಡಿದ್ದರ ಲೆಕ್ಕ ಹೆಡ್ಡಿಂಗ್‌ನಲ್ಲಿಲ್ಲ, ಅದರ ಕೆಳಗಿನ ಲಾಗ್ ಸಾಲುಗಳಲ್ಲಿದೆ. ಹಾಗಾಗಿ ‘ನಾನು ಇದನ್ನ ಬಿಡದೆ ಮಾಡ್ತಿದೀನಾ’ ಅನ್ನೋ ಪ್ರಶ್ನೆಗೆ ಉತ್ತರ ಚೆನ್ನಾಗಿ ಸಿಗುತ್ತೆ. ‘ಈ ಸಲದ ಕೆಲಸದಲ್ಲಿ ಎಷ್ಟು ಮುಗೀತು’ ಅನ್ನೋದಕ್ಕೆ ಅದೇ ಜಾಗದಲ್ಲಿ ಉತ್ತರ ಹುಡುಕಿದ್ರೆ ಸಿಗಲ್ಲ, ಅದಕ್ಕೆ ಬೇರೆ ವ್ಯವಸ್ಥೆ. ಪ್ರತಿ ಕೆಲಸಕ್ಕೂ ಈ ಎರಡರಲ್ಲಿ ನಿಮಗೆ ಯಾವುದು ಬೇಕು ಅಂತ ಮೊದಲೇ ಕೇಳ್ಕೊಳ್ಳಿ. ನಾನು ಹಳೇ ಆ್ಯಪ್‌ನ ಪಟ್ಟಿ ಇಟ್ಕೊಂಡು ಒಂದೊಂದರ ಮುಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕ್ದೆ, ಬಹಳಷ್ಟು ಮೊದಲ್ನೇ ಜಾತಿಗೇ ಸೇರಿದವು.

ಆಮೇಲೆ ಪ್ಲಸ್ ಚಿಹ್ನೆಗಳ ಗಲಾಟೆ. ಮೂರು ಥರ ಇದೆ, ಮೂರೂ ನೋಡೋಕೆ ಅಣ್ಣತಮ್ಮಂದಿರ ಹಾಗೇ, ಗುಣ ಮಾತ್ರ ಪೂರ್ತಿ ಬೇರೆ. ಬರೀ + ಹಾಕಿದ್ರೆ, ನೀವು ಯಾವಾಗಾದ್ರೂ ಡನ್ ಮಾಡಿ, ತಾರೀಕು ಸರಿಯಾಗಿ ಒಂದೇ ಹೆಜ್ಜೆ ಮುಂದೆ ಹೋಗುತ್ತೆ. ಮೂರು ತಿಂಗಳು ಬಿಟ್ಟಿದ್ರೆ ಮೂರು ಸಲ ಡನ್ ಮಾಡಬೇಕು. ಬಾಡಿಗೆ, ಕಂತು ಈ ಥರದ್ದಕ್ಕೆ ಇದೇ ಸರಿ, ಯಾಕಂದ್ರೆ ಒಂದು ತಿಂಗಳು ಕಟ್ಟಿಲ್ಲ ಅಂದ್ರೆ ಅದು ಬಾಕಿ ಅಂತಾನೇ ಉಳೀಬೇಕು. ++ ಹಾಕಿದ್ರೆ ಹೆಜ್ಜೆ ಹಾಕ್ತಾ ಹಾಕ್ತಾ ಇವತ್ತಿನ ದಿನ ದಾಟೋ ತನಕ ಹೋಗುತ್ತೆ, ವಾರ ಮಾತ್ರ ಬದಲಾಗಲ್ಲ, ಭಾನುವಾರದ್ದು ಭಾನುವಾರಕ್ಕೇ. .+ ಹಾಕಿದ್ರೆ, ಅಂದ್ರೆ ಮುಂದೊಂದು ಚುಕ್ಕೆ ಇಟ್ರೆ, ನೀವು ಡನ್ ಮಾಡಿದ ದಿನದಿಂದ ಲೆಕ್ಕ. ಫಿಲ್ಟರ್ ತೊಳೆಯೋದು, ಬ್ಯಾಟರಿ ನೋಡೋದು ಇಂಥವಕ್ಕೆ ಇದು, ನಾಲ್ಕು ದಿನ ತಡವಾಗಿ ತೊಳೆದ್ರೆ ಮುಂದಿನದೂ ನಾಲ್ಕು ದಿನ ಆಮೇಲೆ ಬಂದ್ರೆ ಸಾಕು.

ಬ್ಯಾಕಪ್‌ಗೆ ನಾನು + ತೆಗೆದು ++ ಹಾಕಿದೆ. ದಿನಾ ಮಾಡೋ ಒಂದು ಕೆಲಸಕ್ಕೂ ++1ಡಿ ಹಾಕಿ ಬಿಟ್ಟಿದ್ದೆ, ಮಧ್ಯೆ ಊರಲ್ಲಿರಲಿಲ್ಲ, ಕಂಪ್ಯೂಟರ್ ಮುಟ್ಟಿರಲಿಲ್ಲ. ವಾಪಸ್ ಬಂದು ಡನ್ ಒತ್ತಿದ್ರೆ ಸ್ಕ್ರೀನ್ ಕೆಳಗೆ ಒಂದು ಪ್ರಶ್ನೆ, ಹತ್ತು ಸಲ ಮುಂದೆ ಹಾಕಿದ್ರೂ ಇವತ್ತಿನ ತಾರೀಕು ದಾಟ್ಲಿಲ್ಲ, ಮುಂದುವರಿಸ್ಲಾ ಅಂತ. ಏನೋ ಕೆಟ್ಟೋಯ್ತು ಅಂತ ಎದೆ ಧಸಕ್ಕಂತು. ಏನೂ ಕೆಟ್ಟಿಲ್ಲ, ವೈ ಒತ್ತಿ, ಮುಗೀತು. ತಪ್ಪಾಗಿ ಟೈಪಾದ ತಾರೀಕಿನಿಂದ ಎಲ್ಲೆಲ್ಲೋ ಹೋಗಿಬಿಡದಿರಲಿ ಅಂತ ಅದು ನಿಂತು ಕೇಳುತ್ತೆ ಅಷ್ಟೇ.

ತಿಂಗಳ ಕೊನೆ ದಿನ ಮಾಡೋ ಕೆಲಸ ಇರೋರು ಇಲ್ಲಿ ಸ್ವಲ್ಪ ಹುಷಾರು. ಜನವರಿ 31ಕ್ಕೆ +1ಎಂ ಹಾಕಿದ್ರೆ ಮುಂದಿನದು ಫೆಬ್ರವರಿ 31 ಆಗ್ಬೇಕು, ಅಂಥ ದಿನ ಇಲ್ವಲ್ಲ, ಅದು ಮಾರ್ಚ್ 3ಕ್ಕೆ ಹೋಗಿ ಬೀಳುತ್ತೆ, ಅಧಿಕ ವರ್ಷ ಆದ್ರೆ 2ಕ್ಕೆ. ಅಲ್ಲಿಂದಾಚೆ ಪ್ರತಿ ತಿಂಗಳೂ 3ನೇ ತಾರೀಕೇ. ಯಾರೂ ಎಚ್ಚರಿಸಲ್ಲ. ನಾನು ತಿಂಗಳ ಲೆಕ್ಕ ನೋಡೋದನ್ನ ಸುಮ್ನೆ 28ಕ್ಕೆ ಎಳ್ಕೊಂಡೆ.

ಲಾಗ್ ಸಾಲುಗಳು ಹೆಡ್ಡಿಂಗ್ ಕೆಳಗೆ ಹಾಗೇ ಬೆಳೀತಾ ಹೋದ್ರೆ ನಾವು ಬರೆದ ನೋಟ್ಸ್ ಹುಡುಕೋದೇ ಕಷ್ಟ. ಆರ್ಗ್-ಲಾಗ್-ಇಂಟು-ಡ್ರಾಯರ್ ಅನ್ನೋ ಸೆಟ್ಟಿಂಗ್‌ಗೆ ಟಿ (ಅಂದ್ರೆ ಹೌದು) ಅಂತ ಕೊಟ್ಟರೆ ಲಾಗ್‌ಬುಕ್ ಅನ್ನೋ ಡ್ರಾಯರ್ ಒಳಗೆ ಹೋಗಿ ಮಡಚಿಕೊಳ್ಳುತ್ತೆ, ಟ್ಯಾಬ್ ಒತ್ತಿದ್ರೆ ಮಾತ್ರ ಬಿಚ್ಚೋದು. ಇದನ್ನ ಶುರುವಲ್ಲೇ ಮಾಡ್ಕೊಳ್ಳಿ, ಆಮೇಲೆ ಮಾಡಿದ್ರೆ ಹಳೇ ಸಾಲುಗಳು ಹೊರಗೇ ಉಳೀತವೆ, ಕೈಯಾರೆ ಕಟ್ ಪೇಸ್ಟ್ ಮಾಡ್ಬೇಕು.

ಇಲ್ಲಿ ತನಕ ಬಂದಿದ್ದಕ್ಕೆ ಖುಷಿಯಾಗಿತ್ತು. ಆದ್ರೆ ನಂಗೆ ಬೇಕಿದ್ದಿದ್ದು ಬಣ್ಣದ ಪಟ್ಟಿ. ಹ್ಯಾಬಿಟ್ ಅಂತ ಗುರುತು ಹಾಕಿದ ಕೆಲಸಕ್ಕೆ ಅಜೆಂಡಾದಲ್ಲಿ, ಅಂದ್ರೆ ಆವತ್ತಿನ ಕೆಲಸಗಳನ್ನ ಒಟ್ಟಿಗೆ ತೋರ್ಸೋ ಪುಟದಲ್ಲಿ, ಪಕ್ಕದಲ್ಲೇ ಒಂದು ಗ್ರಾಫ್ ಬರುತ್ತೆ ಅಂತ ಮ್ಯಾನ್ಯುಯಲ್‌ನಲ್ಲಿತ್ತು. ಹೆಡ್ಡಿಂಗ್ ಮೇಲೆ ನಿಂತು ಕಂಟ್ರೋಲ್-ಸಿ ಕಂಟ್ರೋಲ್-ಎಕ್ಸ್ ಪಿ ಒತ್ತಿ, ಸ್ಟೈಲ್ ಅನ್ನೋ ಪ್ರಾಪರ್ಟಿಗೆ (ಹೆಡ್ಡಿಂಗ್‌ಗೆ ಅಂಟಿಸೋ ಗುರುತು) ಹ್ಯಾಬಿಟ್ ಅಂತ ಕೊಟ್ಟೆ. ಅಜೆಂಡಾ ತೆಗೆದೆ. ಏನೂ ಇಲ್ಲ. ಮುಚ್ಚಿ ತೆಗೆದೆ, ಈಮ್ಯಾಕ್ಸೇ ಮುಚ್ಚಿ ತೆಗೆದೆ, ಊಹೂಂ. ಎರರ್ ಆದ್ರೂ ಬಂದಿದ್ರೆ ಹುಡುಕ್ಬಹುದಿತ್ತು, ಎಲ್ಲಾ ಸರಿಯಿದೆ ಅನ್ನೋ ಥರ ತಣ್ಣಗೆ ಕೂತಿದೆ. ಈ ಒಂದು ವಿಷಯಕ್ಕೆ ಹೋದಷ್ಟು ಹೊತ್ತು ಬೇರೆ ಯಾವುದಕ್ಕೂ ಹೋಗಿಲ್ಲ.

ವಿಷಯ ಇಷ್ಟೇ. ಹ್ಯಾಬಿಟ್ ಅನ್ನೋದು ಬೇರೆ ಮಾಡ್ಯೂಲ್, ತಾನಾಗೇ ಲೋಡ್ ಆಗಲ್ಲ. ಕಸ್ಟಮೈಸ್ ಅನ್ನೋ ಸೆಟ್ಟಿಂಗ್ ಪುಟದಲ್ಲಿ ಆರ್ಗ್-ಮಾಡ್ಯೂಲ್ಸ್ ಅನ್ನೋ ಪಟ್ಟಿಗೆ ಹೋಗಿ ಹ್ಯಾಬಿಟ್ ಮುಂದೆ ಟಿಕ್ ಹಾಕ್ಬೇಕು, ಅಥವಾ ಈಮ್ಯಾಕ್ಸ್ ಶುರುವಾಗೋವಾಗ ಓದೋ ಇನಿಟ್ ಫೈಲಲ್ಲಿ ರಿಕ್ವೈರ್ ಅಂತ ಒಂದು ಸಾಲು. ಅದಿಲ್ದೆ ಇದ್ರೆ ಸ್ಟೈಲ್ ಅನ್ನೋದು ಆರ್ಗ್ ಪಾಲಿಗೆ ಬರೀ ಒಂದು ಪದ. ಟಿಕ್ ಹಾಕಿದ ಮೇಲೆ ಕೆಲವಕ್ಕೆ ಬಣ್ಣದ ಪಟ್ಟಿ ಬಂತು, ಕೆಲವಕ್ಕೆ ಆಗಲೂ ಬರಲಿಲ್ಲ. ಬರದೇ ಇರೋದನ್ನ ತೆಗೆದು ನೋಡಿದ್ರೆ ಎರಡು ಕಾರಣ. ಕೆಲವಕ್ಕೆ ಡೆಡ್‌ಲೈನ್ ಹಾಕಿದ್ದೆ, ಹ್ಯಾಬಿಟ್‌ಗೆ ಶೆಡ್ಯೂಲ್ಡ್ ತಾರೀಕೇ (ಕಂಟ್ರೋಲ್-ಸಿ ಕಂಟ್ರೋಲ್-ಎಸ್ ಒತ್ತಿ ಕೊಡೋದು) ಬೇಕು, ಅದರಲ್ಲೇ ರಿಪೀಟರ್ ಇರಬೇಕು. ಇನ್ನು ಕೆಲವನ್ನ ಹಳೇ ನೋಟ್ಸ್‌ನಿಂದ ಕಾಪಿ ಮಾಡಿದ್ದು, ಅಲ್ಲಿ ಪ್ರಾಪರ್ಟೀಸ್ ಡ್ರಾಯರ್ ಎಲ್ಲೋ ಕೆಳಗಿತ್ತು. ಹೆಡ್ಡಿಂಗ್, ಅದರ ಕೆಳಗೆ ಶೆಡ್ಯೂಲ್ಡ್ ಸಾಲು, ಅದಕ್ಕೆ ಅಂಟಿಕೊಂಡ ಹಾಗೆ ಪ್ರಾಪರ್ಟೀಸ್, ಆಮೇಲೆ ಲಾಗ್‌ಬುಕ್, ಆಮೇಲೆ ನಿಮ್ಮ ಬರಹ, ಈ ಕ್ರಮ ತಪ್ಪೋ ಹಾಗಿಲ್ಲ, ಮಧ್ಯೆ ಒಂದು ಖಾಲಿ ಸಾಲು ಬಂದ್ರೂ ಆ ಡ್ರಾಯರ್ ಲೆಕ್ಕಕ್ಕಿಲ್ಲ. ಅನುಮಾನ ಬಂದ್ರೆ ಆಲ್ಟ್-ಎಕ್ಸ್ ಒತ್ತಿ ಆರ್ಗ್-ಲಿಂಟ್ ಓಡಿಸಿ, ಫೈಲಲ್ಲಿ ಜಾಗ ತಪ್ಪಿದ ಇಂಥ ಸಾಲುಗಳನ್ನ ಹುಡುಕಿ ತೋರ್ಸುತ್ತೆ. ಇದು ಗೊತ್ತಾಗಿದ್ದು ಎಲ್ಲಾ ಸರಿ ಮಾಡಿ ಮುಗಿದ ಮೇಲೆ, ಬಿಡಿ.

ಸರಿ, ಪಟ್ಟಿ ಬಂತು. ಅದನ್ನ ಓದೋದು ಹೇಗೆ ಅಂತ ಹೇಳ್ತೀನಿ. ಒಂದು ಚೌಕ ಒಂದು ದಿನ. ಹಿಂದಿನ 21 ದಿನ, ಮುಂದಿನ 7 ದಿನ ತೋರ್ಸುತ್ತೆ, ಬೇಕಂದ್ರೆ ಬದಲಾಯಿಸ್ಬಹುದು. ನೀಲಿ ಅಂದ್ರೆ ಆವತ್ತು ಮಾಡೋ ಅಗತ್ಯ ಇನ್ನೂ ಬಂದಿರಲಿಲ್ಲ. ಹಸಿರು ಅಂದ್ರೆ ಮಾಡ್ಬಹುದಿತ್ತು. ಹಳದಿ ಅಂದ್ರೆ ನಾಳೆಗೆ ಬಿಟ್ರೆ ತಡ. ಕೆಂಪು ಅಂದ್ರೆ ತಡ ಆಗೇ ಹೋಯ್ತು. ಮಾಡಿದ ದಿನದ ಮೇಲೆ ಒಂದು ನಕ್ಷತ್ರ, ಇವತ್ತಿನ ದಿನಕ್ಕೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಬಣ್ಣ ಬಣ್ಣವಾಗಿ ಚೆನ್ನಾಗೇನೋ ಇದೆ, ಆದ್ರೆ ಹೊಸದಾಗಿ ಶುರು ಮಾಡಿದೋರಿಗೆ ಮೊದಮೊದಲು ನಕ್ಷತ್ರವೇ ಇರಲ್ಲ, ಪಟ್ಟಿ ತುಂಬೋಕೆ ವಾರಗಟ್ಟಲೆ ಕಾಯ್ಬೇಕು, ಮನಸ್ಸಿಗೆ ಒಂಥರಾ ಸಪ್ಪೆ.

ಆಗ ನೆನಪಾಗಿದ್ದು ಆ ಸಿಎಸ್‌ವಿ. ಟೆಕ್ಸ್ಟ್ ಫೈಲ್‌ನ ಸುಖ ಅಂದ್ರೆ ಇದು, ಲಾಗ್‌ಬುಕ್ ಒಳಗಿರೋದು ಬರೀ ಅಕ್ಷರ, ಅದನ್ನ ಆರ್ಗೇ ಬರೀಬೇಕು ಅಂತೇನಿಲ್ಲ, ನಾನೂ ಬರೀಬಹುದು. ಆರ್ಗ್ ಬರೆದ ಒಂದು ಸಾಲನ್ನ ಮಾದರಿ ಇಟ್ಕೊಂಡು, ಹಳೇ ತಾರೀಕುಗಳನ್ನ ಅದೇ ರೂಪಕ್ಕೆ ತಂದೆ, ಶುರುವಲ್ಲಿ ಅಡ್ಡಗೆರೆ, ಸ್ಟೇಟ್ ಅನ್ನೋ ಪದ, ಕೋಟ್ ಒಳಗೆ ಡನ್, ಆಮೇಲೆ ಎಲ್ಲಿಂದ ಅಂತ, ಕೊನೇಲಿ ಚೌಕ ಬ್ರಾಕೆಟ್ಟಿನ ತಾರೀಕು. ತಾರೀಕಿನ ಕ್ರಮ ವರ್ಷ-ತಿಂಗಳು-ದಿನ, 2024-03-05 ಈ ಥರ, ಸಿಎಸ್‌ವಿಯಲ್ಲಿ ಉಲ್ಟಾ ಇತ್ತು, ಈಮ್ಯಾಕ್ಸ್‌ನ ಕೀಬೋರ್ಡ್ ಮ್ಯಾಕ್ರೋ ಒಂದು ರೆಕಾರ್ಡ್ ಮಾಡಿ ಒಂದು ಸಾಲಿಗೆ ಮಾಡಿದ್ದನ್ನ ಎಲ್ಲಾ ಸಾಲಿಗೂ ಓಡಿಸಿದೆ. ಒಂದೇ ಎಚ್ಚರಿಕೆ, ಹೊಸ ಸಾಲು ಮೇಲೆ, ಹಳೇದು ಕೆಳಗೆ ಇರಬೇಕು. ಗ್ರಾಫ್ ಬಿಡಿಸೋಕೆ ಅದು ಮೇಲಿಂದ ಒಂದಷ್ಟು ಸಾಲು ಓದಿ ನಿಲ್ಲಿಸಿಬಿಡುತ್ತೆ, ಹಳೇದನ್ನ ಮೇಲೆ ಸುರಿದ್ರೆ ಮೊನ್ನೆ ಮಾಡಿದ್ದು ಅದರ ಕಣ್ಣಿಗೆ ಬೀಳಲ್ಲ. ಎಲ್ಲಾ ಹಾಕಿ ಅಜೆಂಡಾದಲ್ಲಿ ಜಿ ಒತ್ತಿದೆ, ಪಟ್ಟಿ ತುಂಬಾ ನಕ್ಷತ್ರ! ದುಡ್ಡು ಕೊಡದೆ ನನ್ನ ಹಿಸ್ಟರಿ ನಂಗೆ ವಾಪಸ್ ಸಿಕ್ತು. ಆವತ್ತು ನಿಜವಾಗ್ಲೂ ಖುಷಿಯಾಯ್ತು.

ಪಟ್ಟಿ ಕೂರೋ ಜಾಗದ್ದೊಂದು ಕಿರಿಕಿರಿ. ಅದು 40ನೇ ಕಾಲಂನಿಂದ ಶುರುವಾಗುತ್ತೆ, ಟೈಟಲ್ ಉದ್ದ ಇದ್ರೆ ಅದರ ಬಾಲವನ್ನ ನುಂಗಿಹಾಕುತ್ತೆ. ಆರ್ಗ್-ಹ್ಯಾಬಿಟ್-ಗ್ರಾಫ್-ಕಾಲಂ ಅನ್ನೋದನ್ನ 60 ಮಾಡಿದೆ, ಸರಿಹೋಯ್ತು. ಟೈಟಲ್‌ಗಳನ್ನ ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು, ಕನ್ನಡ ಅಕ್ಷರಗಳು ಮಾನೋಸ್ಪೇಸ್ (ಎಲ್ಲಾ ಅಕ್ಷರಕ್ಕೂ ಒಂದೇ ಅಗಲ) ಲೆಕ್ಕಕ್ಕೆ ಸಿಗಲ್ಲ, ‘ಕ್ಷ’ ಒಂದಗಲ, ‘ರ’ ಒಂದಗಲ, ಒತ್ತಕ್ಷರ ಬಂದ್ರೆ ಕೇಳೋದೇ ಬೇಡ, ಹಾಗಾಗಿ ಪಟ್ಟಿಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲದೆ ಆಚೆ ಈಚೆ ಜಾರಿರ್ತವೆ. ಬಣ್ಣ ತಪ್ಪಾಗಲ್ಲ, ನೋಡೋಕೆ ಮಾತ್ರ ಸೊಟ್ಟ. ಕೆಲವರು ಇದಕ್ಕೇ ಇಂಗ್ಲಿಷ್ ಟೈಟಲ್ ಹಾಕ್ತಾರೆ. ನಾನು ಸೊಟ್ಟಾನೇ ಇರಲಿ ಅಂತ ಬಿಟ್ಟೆ.

ಇನ್ನೊಂದು ಅನುಕೂಲ ಹೇಳ್ಬೇಕು. ಎಲ್ಲಾ ಕೆಲಸಾನೂ ದಿನಾ ಮಾಡೋದಲ್ವಲ್ಲ. ಗಿಡಕ್ಕೆ ನೀರು ಎರಡು ದಿನಕ್ಕೊಂದ್ಸಲ ಹಾಕಿದ್ರೆ ಒಳ್ಳೇದು, ನಾಲ್ಕು ದಿನದ ತನಕ ತಡೀಬಹುದು, ಅದರಾಚೆ ಇಲ್ಲ. ಅದನ್ನ .+2ಡಿ/4ಡಿ ಅಂತ ಬರೆದ್ರೆ ಪಟ್ಟಿಯಲ್ಲಿ ಹಸಿರು ದಿನಗಳು ಸಿಗ್ತವೆ, ಸುಮ್ ಸುಮ್ನೆ ಕೆಂಪಾಗಲ್ಲ. ಮೊದಲು ನಾನು ಎಲ್ಲದಕ್ಕೂ .+1ಡಿ ಹಾಕಿದ್ದೆ, ಅಜೆಂಡಾ ತೆಗೆದ್ರೆ ಸಾಕು ಕೆಂಪೋ ಕೆಂಪು, ಬೆಳಿಗ್ಗೆ ಎದ್ದು ಅದನ್ನ ನೋಡೋಕೇ ಬೇಜಾರು, ಎರಡು ದಿನ ಅಜೆಂಡಾನೇ ತೆಗೀಲಿಲ್ಲ. ಗಡುವಿಗೆ ಎರಡನೇ ನಂಬರ್ ಕೊಟ್ಟ ಮೇಲೆ ನೆಮ್ಮದಿ. ಎರಡನೇದು ಮೊದಲನೇದಕ್ಕಿಂತ ದೊಡ್ಡದಿರಬೇಕು ಅನ್ನೋದು ನೆನಪಿರಲಿ. ಹ್ಯಾಬಿಟ್‌ಗಳು ಕಣ್ಣಿಗೆ ಬೇಡ ಅನ್ಸಿದ ದಿನ ಅಜೆಂಡಾದಲ್ಲಿ ದೊಡ್ಡ ಕೆ ಒತ್ತಿ, ಮಾಯ. ಇನ್ನೊಂದ್ಸಲ ಒತ್ತಿದ್ರೆ ವಾಪಸ್.

ಈಗ ಬರೋದು ನಂಗೆ ತುಂಬಾ ತಲೆ ತಿಂದ ವಿಷಯ. ಹುಷಾರಿಲ್ಲ, ಇವತ್ತು ವ್ಯಾಯಾಮ ಬೇಡ, ಬೇಕಂತಲೇ ಬಿಡ್ತಿದೀನಿ. ಇದಕ್ಕೆ ಟೂಡೂ, ಡನ್ ಥರಾನೇ ಸ್ಕಿಪ್ ಅಂತ ಒಂದು ಹೊಸ ಸ್ಟೇಟ್ ಮಾಡ್ಕೊಂಡೆ, ಡನ್ ಪಕ್ಕದಲ್ಲೇ, ಮುಗಿದ ಸ್ಟೇಟ್‌ಗಳ ಗುಂಪಲ್ಲಿ. ಚೆನ್ನಾಗಿ ಕೆಲಸ ಮಾಡ್ತು, ತಾರೀಕು ಮುಂದೆ ಹೋಯ್ತು, ಲಾಗ್‌ನಲ್ಲಿ ಸ್ಕಿಪ್ ಅಂತಾನೇ ಬಂತು. ಆದ್ರೆ ಪಟ್ಟಿ ನೋಡಿದ್ರೆ ಆ ದಿನದ ಮೇಲೂ ನಕ್ಷತ್ರ! ಮಂಚದ ಮೇಲೆ ಮಲಗಿದ್ದ ದಿನ ವ್ಯಾಯಾಮ ಮಾಡಿದ ಲೆಕ್ಕ. ಕಾರಣ ಏನಂದ್ರೆ ಹ್ಯಾಬಿಟ್ ಮಾಡ್ಯೂಲ್ ಲಾಗ್ ಓದೋವಾಗ ಡನ್ ಒಂದನ್ನೇ ಹುಡುಕಲ್ಲ, ಮುಗಿದ ಗುಂಪಿನ ಯಾವ ಪದ ಇದ್ರೂ ಮಾಡಿದ್ದು ಅಂತಾನೇ ಹಿಡಿಯುತ್ತೆ. ಕ್ಯಾನ್ಸಲ್ ಅಂತ ಇಟ್ಟಿರೋರಿಗೂ ಇದೇ ಗತಿ. ಹಾಗಾಗಿ ಬಿಟ್ಟ ದಿನಕ್ಕೆ ಸ್ಟೇಟ್ ಬದಲಾಯಿಸ್ಲೇಬೇಡಿ. ಕಂಟ್ರೋಲ್-ಸಿ ಕಂಟ್ರೋಲ್-ಎಸ್ ಒತ್ತಿ ತಾರೀಕು ಮುಂದಕ್ಕೆ ಹಾಕಿ, ರಿಪೀಟರ್ ಹಾಗೇ ಉಳಿಯುತ್ತೆ. ಯಾಕೆ ಬಿಟ್ರಿ ಅಂತ ಬರ್ಕೋಬೇಕಾದ್ರೆ ಕಂಟ್ರೋಲ್-ಸಿ ಕಂಟ್ರೋಲ್-ಝಡ್, ಅದು ನೋಟ್ ಆಗಿ ಲಾಗ್‌ಬುಕ್‌ಗೆ ಹೋಗುತ್ತೆ, ನಕ್ಷತ್ರ ಬರಲ್ಲ. ನಾನು ಸ್ಕಿಪ್ ಅಂತಿದ್ದ ಹಳೇ ಸಾಲುಗಳನ್ನೆಲ್ಲ ಹುಡುಕಿ ಅಳಿಸಿದೆ. ಲೆಕ್ಕ ಸುಳ್ಳಾದ್ರೆ ಇಷ್ಟೆಲ್ಲಾ ಕಷ್ಟ ಯಾಕೆ.

ರಾತ್ರಿ ಎದ್ದಿರೋರಿಗೆ ಒಂದು ಸೂಚನೆ. ಹನ್ನೆರಡು ದಾಟಿದ ಮೇಲೆ ಡನ್ ಒತ್ತಿದ್ರೆ ಅದು ನಾಳೆ ಲೆಕ್ಕ. ಆರ್ಗ್-ಎಕ್ಸ್‌ಟೆಂಡ್-ಟುಡೇ-ಅಂಟಿಲ್ ಅನ್ನೋದಕ್ಕೆ 4 ಅಂತ ಕೊಟ್ರೆ ಬೆಳಗಿನ ಜಾವ ನಾಲ್ಕರ ತನಕ ಹಿಂದಿನ ದಿನಾನೇ ನಡೀತಿದೆ ಅಂದ್ಕೊಳ್ಳುತ್ತೆ, ಜೊತೆಗೆ ಆರ್ಗ್-ಯೂಸ್-ಎಫೆಕ್ಟಿವ್-ಟೈಮ್ ಕೂಡ ಆನ್ ಮಾಡಿ, ಆಗ ಲಾಗ್‌ನಲ್ಲಿ ಹಿಂದಿನ ದಿನದ 23:59 ಅಂತ ಬೀಳುತ್ತೆ. ಇದು ಬೇಡ, ಯಾವತ್ತೋ ಒಂದಿನ ಮಾತ್ರ ಮರೆತೆ ಅನ್ನೋರಿಗೆ ಆಲ್ಟ್-ಎಕ್ಸ್ ಆರ್ಗ್-ಟೂಡೂ-ಎಸ್ಟರ್‌ಡೇ ಇದೆ, ನಿನ್ನೆ ಮಾಡಿದ್ದು ಅಂತ ಬರ್ಕೊಳ್ಳುತ್ತೆ. ನಾನು ಇದನ್ನೇ ಜಾಸ್ತಿ ಬಳಸೋದು, ಅಜೆಂಡಾದಲ್ಲೇ ಮಾಡೋಕೂ ಬೇರೆ ಕಮಾಂಡ್ ಇದೆ, ಒಂದು ಕೀಗೆ ಕಟ್ಟಿಟ್ಕೊಂಡಿದೀನಿ.

ಇನ್ನು ಎರಡನೇ ಜಾತಿ, ಅಂದ್ರೆ ಒಂದ್ಸಲದ ಕೆಲಸದ ಒಳಗೇ ಹತ್ತು ಹೆಜ್ಜೆ ಇರೋದು. ತಿಂಗಳ ಲೆಕ್ಕ ನೋಡೋದೇ ತಗೊಳ್ಳಿ, ಬ್ಯಾಂಕಿಂದು, ಕಾರ್ಡಿಂದು, ಬಿಲ್ಲುಗಳು, ಯಾರಿಗೆ ಕೊಡೋದು ಬಾಕಿ ಇದೆ, ಎಲ್ಲಾ ಒಂದೊಂದು ಚೆಕ್‌ಬಾಕ್ಸ್. ಹೆಡ್ಡಿಂಗ್ ಕೊನೇಲಿ [/] ಅಂತ ಹಾಕಿದ್ರೆ [3/7] ಅಂತ ತಾನೇ ಎಣಿಸ್ಕೊಳ್ಳುತ್ತೆ, [%] ಹಾಕಿದ್ರೆ ಶೇಕಡಾ. ಮೊದಲ ತಿಂಗಳು ಸೊಗಸಾಗಿತ್ತು, ಎಲ್ಲಾ ಟಿಕ್ ಮಾಡಿ [7/7] ಆದ್ಮೇಲೆ ಡನ್ ಒತ್ತಿದೆ. ಮುಂದಿನ ತಿಂಗಳು ಬಂದಾಗ ಆಗಲೇ [7/7]! ಟಿಕ್‌ಗಳು ಖಾಲಿಯಾಗಿಲ್ಲ. ತಾರೀಕು ಮುಂದೆ ಹಾಕೋದಷ್ಟೇ ರಿಪೀಟರ್ ಕೆಲಸ, ಚೆಕ್‌ಬಾಕ್ಸ್ ಅದರ ತಂಟೆಯಲ್ಲ. ಒಳಗಿನ ಸಣ್ಣ ಹೆಡ್ಡಿಂಗ್‌ಗಳೂ ಹಾಗೇ, ಡನ್ ಆಗಿದ್ದು ಡನ್ ಆಗೇ ಇರ್ತವೆ.

ಇದಕ್ಕೆ ಆರ್ಗ್-ಚೆಕ್‌ಲಿಸ್ಟ್ ಅಂತ ಒಂದು ಚಿಕ್ಕ ಫೈಲಿದೆ. ಅದು ಮೂಲ ಆರ್ಗ್ ಜೊತೆ ಬರಲ್ಲ, ಆರ್ಗ್-ಕಾಂಟ್ರಿಬ್ ಅನ್ನೋ ಬೇರೆ ಪ್ಯಾಕೇಜಲ್ಲಿದೆ, ನಾನ್‌ಗ್ನೂ ಎಲ್ಪಾ ಅನ್ನೋ ಈಮ್ಯಾಕ್ಸ್ ಪ್ಯಾಕೇಜ್ ಭಂಡಾರದಿಂದ ಇನ್‌ಸ್ಟಾಲ್ ಮಾಡ್ಕೋಬೇಕು. ಹಳೇ ಬರಹಗಳಲ್ಲಿ ಆರ್ಗ್ ಜೊತೇಲೇ ಬರುತ್ತೆ ಅಂತ ಇರುತ್ತೆ, ನಂಬಿ ಹುಡುಕ್ಬೇಡಿ, 2021ರಲ್ಲಿ ಬೇರೆ ಮಾಡಿದ್ರು. ಲೋಡ್ ಮಾಡಿ, ಆ ಹೆಡ್ಡಿಂಗ್‌ಗೆ ರೀಸೆಟ್-ಚೆಕ್-ಬಾಕ್ಸಸ್ ಅನ್ನೋ ಪ್ರಾಪರ್ಟಿ ಕೊಟ್ಟು, ಟಿ ಅಂತ ಹಾಕಿ, ಪದಗಳ ಮಧ್ಯೆ ಅಂಡರ್‌ಸ್ಕೋರ್ ಬರುತ್ತೆ, ಹೈಫನ್ ಅಲ್ಲ. ಇದಾದ್ಮೇಲೆ ಡನ್ ಒತ್ತಿದ್ರೆ ಟಿಕ್ ಎಲ್ಲಾ ಖಾಲಿ. ಆದ್ರೆ ಹೋದ ತಿಂಗಳು ಯಾವ ಹೆಜ್ಜೆ ಬಿಟ್ಟಿದ್ದೆ ಅನ್ನೋ ದಾಖಲೆಯೂ ಅದರ ಜೊತೆ ಹೋಯ್ತು, ಅದು ನಿಮಗೆ ಬೇಕಾ ನೋಡ್ಕೊಳ್ಳಿ. ಬೇಕು ಅಂದ್ರೆ ರಿಪೀಟರ್ ಬಿಟ್ಟು ಪ್ರತಿ ಕಂತಿಗೂ ಬೇರೆ ಹೆಡ್ಡಿಂಗ್ ಮಾಡ್ಕೊಳ್ಳೋದೇ ವಾಸಿ. ಕಂಟ್ರೋಲ್-ಸಿ ಕಂಟ್ರೋಲ್-ಎಕ್ಸ್ ಸಿ ಒತ್ತಿದ್ರೆ ಎಷ್ಟು ಪ್ರತಿ ಬೇಕು, ತಾರೀಕು ಎಷ್ಟೆಷ್ಟು ಸರಿಸ್ಲಿ ಅಂತ ಕೇಳಿ, ಆ ಹೆಡ್ಡಿಂಗನ್ನ ಒಳಗಿರೋದರ ಸಮೇತ ಅಷ್ಟು ಸಲ ಮಾಡಿ ಕೊಡುತ್ತೆ. ನಾನು ಸೇರಿದ್ದ ಒಂದು ಭಾಷಾ ಕೋರ್ಸ್‌ಗೆ, ವಾರಕ್ಕೊಂದು ಪಾಠ, ಕೊನೆ ಅಂತ ಒಂದಿದೆ, ಪ್ರತಿ ಪಾಠಕ್ಕೂ ನೋಟ್ಸ್ ಬೇರೆ, ಹಾಗಾಗಿ ಹೀಗೇ ಮಾಡಿದೆ. ಎಲ್ಲದರ ಮೇಲಿನ ದೊಡ್ಡ ಹೆಡ್ಡಿಂಗ್‌ಗೆ [/] ಹಾಕಿದೀನಿ, ಎಷ್ಟು ಪಾಠ ಮುಗೀತು ಅಂತ ಅದೇ ಹೇಳುತ್ತೆ. ಕೊನೆಯಿರೋ ಕೆಲಸಕ್ಕೆ ಪ್ರತಿ, ಕೊನೆಯಿಲ್ಲದ ಕೆಲಸಕ್ಕೆ ರಿಪೀಟರ್, ನಾನು ಹೀಗೆ ಗೆರೆ ಎಳ್ಕೊಂಡಿದೀನಿ.

ಮಾಡಿದೆ ಅನ್ನೋದಷ್ಟೇ ಅಲ್ಲ, ಎಷ್ಟು ಹೊತ್ತು ಮಾಡಿದೆ ಅನ್ನೋದೂ ಬೇಕು ಅನ್ನೋರಿಗೆ ಗಡಿಯಾರ ಇದೆ. ಕಂಟ್ರೋಲ್-ಸಿ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಐ ಒತ್ತಿದ್ರೆ ಶುರು, ಕೊನೇದನ್ನ ಕಂಟ್ರೋಲ್-ಓ ಮಾಡಿದ್ರೆ ನಿಲ್ಲುತ್ತೆ. ವಾರದ ಕೊನೇಲಿ ಕ್ಲಾಕ್‌ಟೇಬಲ್ ಅನ್ನೋ ಬ್ಲಾಕ್ ಹಾಕಿ ಈ ವಾರದ್ದು ಅಂತ ಕೊಟ್ರೆ ಯಾವುದಕ್ಕೆ ಎಷ್ಟು ಗಂಟೆ ಅಂತ ಕೋಷ್ಟಕ ಬರುತ್ತೆ. ಎಲ್ಲಾ ಕೆಲಸಕ್ಕೂ ಗಡಿಯಾರ ಹಾಕೋಕೆ ಹೋಗ್ಬೇಡಿ, ನಿಲ್ಲಿಸೋದು ಮರೆತು ರಾತ್ರಿಯೆಲ್ಲಾ ಓಡಿರುತ್ತೆ. ನಾನು ಓದೋದಕ್ಕೆ ಮಾತ್ರ ಇಟ್ಕೊಂಡಿದೀನಿ. ಗಡಿಯಾರದ ಸಾಲುಗಳೂ ಲಾಗ್‌ಬುಕ್ ಒಳಗೇ ಹೋಗಿ ಸೇರಿ ಗೋಜಲಾಗುತ್ತೆ, ಆರ್ಗ್-ಕ್ಲಾಕ್-ಇಂಟು-ಡ್ರಾಯರ್‌ಗೆ ಬೇರೆ ಹೆಸರು ಕೊಟ್ಟು ಬೇರೆ ಡ್ರಾಯರ್ ಮಾಡ್ಬಹುದು.

ಫೈಲ್ ಎರಡು ಕಂಪ್ಯೂಟರ್‌ನಲ್ಲಿರೋರು, ಇದೊಂದು ಓದಿ. ಸಿಂಕ್ ಮಾಡೋ ಸಾಫ್ಟ್‌ವೇರ್ ಯಾವುದೇ ಇರಲಿ, ಒಂದು ಕಡೆ ಈಮ್ಯಾಕ್ಸ್ ತೆಗೆದಿಟ್ಟು ಇನ್ನೊಂದು ಕಡೆ ಡನ್ ಒತ್ತಿದ್ರೆ ಎರಡು ಕಾಪಿ ಆಗುತ್ತೆ, ಒಂದರಲ್ಲಿ ಬೆಳಗಿನ ಲಾಗ್, ಇನ್ನೊಂದರಲ್ಲಿ ಸಂಜೆಯದು. ನಂಗೆ ಹೀಗಾದಾಗ ಒಂದು ಭಾನುವಾರದ ಬೆಳಿಗ್ಗೆ ಪೂರ್ತಿ ಎರಡು ಫೈಲ್ ಅಕ್ಕಪಕ್ಕ ಇಟ್ಟು ಈಡಿಫ್‌ನಲ್ಲಿ (ಎರಡು ಫೈಲ್ ಹೋಲಿಸೋ ಈಮ್ಯಾಕ್ಸ್ ಸಲಕರಣೆ) ಸೇರಿಸೋದ್ರಲ್ಲೇ ಹೋಯ್ತು. ಟೆಕ್ಸ್ಟ್ ಆಗಿದ್ದಕ್ಕೆ ಸೇರಿಸೋಕಾದ್ರೂ ಆಯ್ತು ಅಂತ ಸಮಾಧಾನ ಮಾಡ್ಕೊಂಡೆ. ಆಮೇಲೆ ಗ್ಲೋಬಲ್ ಆಟೋ-ರಿವರ್ಟ್ ಮೋಡ್ ಆನ್ ಮಾಡಿದೆ, ಡಿಸ್ಕ್‌ನಲ್ಲಿ ಫೈಲ್ ಬದಲಾದ್ರೆ ಈಮ್ಯಾಕ್ಸ್ ತಾನೇ ಓದ್ಕೊಳ್ಳುತ್ತೆ, ಆದ್ರೆ ಸೇವ್ ಮಾಡದೆ ಬಿಟ್ಟ ಬದಲಾವಣೆ ಇದ್ರೆ ಅದು ಮುಟ್ಟಲ್ಲ, ಹಾಗಾಗಿ ಎದ್ದು ಹೋಗೋವಾಗ ಸೇವ್ ಮಾಡೋ ಅಭ್ಯಾಸ ನಿಮ್ಮದೇ. ಫೋಲ್ಡರನ್ನ ಫೈಲ್‌ಗಳ ಹಳೇ ರೂಪ ಉಳಿಸಿಡೋ ಗಿಟ್‌ನಲ್ಲೂ ಇಟ್ಟಿದೀನಿ, ಏನಾದ್ರೂ ಎಡವಟ್ಟಾದ್ರೆ ನಿನ್ನೆ ಹೇಗಿತ್ತು ಅಂತ ನೋಡೋಕೆ.

ಕೊನೆಯದಾಗಿ, ಒಂದು ಹ್ಯಾಬಿಟ್ ಸಾಕು ಅನ್ನಿಸ್ದಾಗ ಏನು ಮಾಡೋದು. ಡನ್ ಒತ್ತಿದ್ರೆ ಮತ್ತೆ ಟೂಡೂ ಆಗಿ ಎದ್ದು ಕೂರುತ್ತಲ್ಲ, ಅದನ್ನ ಮಲಗಿಸೋದು ಹೇಗೆ ಅಂತ ನಾನು ಮೊದಲು ತಾರೀಕನ್ನೇ ಅಳಿಸ್ತಿದ್ದೆ. ಅದಕ್ಕೂ ಕೀ ಇದೆ, ಕಂಟ್ರೋಲ್ ಹಿಡಿದು ಮೈನಸ್, ಆಮೇಲೆ 1, ಆಮೇಲೆ ಮಾಮೂಲಿ ಕಂಟ್ರೋಲ್-ಸಿ ಕಂಟ್ರೋಲ್-ಟಿ. ಆಗ ರಿಪೀಟರ್ ಕೆಲಸ ನಿಲ್ಲಿಸಿ ನಿಜವಾಗ್ಲೂ ಡನ್ ಆಗುತ್ತೆ. ಆಮೇಲೆ ಕಂಟ್ರೋಲ್-ಸಿ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎ ಒತ್ತಿ ಆರ್ಕೈವ್‌ಗೆ ಕಳ್ಸಿ, ಲಾಗ್‌ಬುಕ್ ಸಮೇತ ಹೋಗುತ್ತೆ, ಯಾವಾಗ ಬೇಕಾದ್ರೂ ತೆಗೆದು ನೋಡ್ಬಹುದು. ನಾನು ಹೀಗೆ ಮೊದಲು ಕಳ್ಸಿದ್ದು ಹಳೇ ಆ್ಯಪ್‌ನಿಂದ ಬಂದ ಒಂದಷ್ಟು ಆಸೆಬುರುಕ ಹ್ಯಾಬಿಟ್‌ಗಳನ್ನ, ಪಟ್ಟಿ ತುಂಬಾ ಕೆಂಪೇ ಇದ್ದಿದ್ದು. ವರ್ಷಕ್ಕೊಂದ್ಸಲ ಬರೋವಕ್ಕೆ, ವಿಮೆ ರಿನ್ಯೂವಲ್, ಡೊಮೇನ್ ರಿನ್ಯೂವಲ್ ಇಂಥವಕ್ಕೆ, ಹ್ಯಾಬಿಟ್ ಗೊಡವೆ ಬೇಡ, ಡೆಡ್‌ಲೈನ್ ಹಾಕಿ +1ವೈ ಕೊಟ್ರೆ 14 ದಿನ ಮುಂಚಿನಿಂದ ಅಜೆಂಡಾದಲ್ಲಿ ನೆನಪಿಸೋಕೆ ಶುರು ಮಾಡುತ್ತೆ, ಅಷ್ಟು ಸಾಕು.